ಭರಣಿ ಮಳೆಗೆ ಹೆದರುವ ಗಿಡ

ಏಪ್ರಿಲ್ ಕೊನೆಯ ವಾರಕ್ಕೆ ಭರಣಿ ಮಳೆ ಹುಟ್ಟುತ್ತದೆ. ಹಾಸನ, ಅರಕಲಗೂಡು, ಹೊಳೆನರಸೀಪುರದ ಕಡೆ ಆ ಹೊತ್ತಿಗೆ ಹೊಲ ಹಸನಾಗಿರಬೇಕು. ಪಂಜಾಬಿನ ಜಲಂಧರ್ ಕಡೆಯಿಂದ ಬಿತ್ತನೆ ಆಲೂಗಡ್ಡೆಯ ಲಾರಿಗಳು ಹಾಸನದ ಎಪಿಎಂಸಿ ಆವರಣಕ್ಕೆ ಬಂದು ನಿಲ್ಲುವುದು, ಶುಂಠಿಗೆ ಏರುಮಡಿ ಎಬ್ಬಿಸುವುದು, ಚನ್ನರಾಯಪಟ್ಟಣದ ತೆಂಗಿನ ತೋಟಗಳಲ್ಲಿ ಪಾತಿ ಸರಿಮಾಡುವುದು ಎಲ್ಲ ಆ ಆಸುಪಾಸಿನಲ್ಲೇ. ವರ್ಷದ ಮೊದಲ ಹದಮಳೆಯನ್ನು ಶಪಿಸುವವರು ಈ ಸೀಮೆಯಲ್ಲಿ ಸಿಗುವುದು ಕಷ್ಟ. ಸಿಕ್ಕರೆ ಅವರು ತಾರಸಿಯ ಮೇಲೆ ಎಯೋನಿಯಂ ಸಾಕಿದವರೇ ಆಗಿರಬೇಕು.

ದಪ್ಪ ಎಲೆಗಳನ್ನು ಸುತ್ತುಸುತ್ತಾಗಿ ಜೋಡಿಸಿಕೊಂಡು, ಆ ಎಲೆಸುತ್ತನ್ನು ಬೋಳು ಕಾಂಡದ ತುದಿಯಲ್ಲಿ ಹೊತ್ತು ನಿಲ್ಲುವ ಸಕ್ಯುಲೆಂಟ್ ಈ ಎಯೋನಿಯಂ. ಕಡುನೇರಳೆಯ 'ಜ್ವಾರ್ಟ್‌ಕಾಪ್', ಹಳದಿ ಅಂಚಿನ 'ಸನ್‌ಬರ್ಸ್ಟ್', ಗಿಡ್ಡ ಜಾತಿಯ 'ಕಿವಿ' ಇದರ ಹೆಸರುವಾಸಿ ತಳಿಗಳು. ಡಿಸೆಂಬರ್‌ನ ಚಳಿಯಲ್ಲಿ ಕೊಂಡು ತಂದಾಗ ಗಿಡ ಮೈದುಂಬಿಕೊಂಡಿರುತ್ತದೆ. ಮಾರ್ಚ್ ಕಳೆಯುತ್ತಿದ್ದಂತೆ ಕೆಳಗಿನ ಎಲೆಗಳು ಒಣಗಿ ಉದುರುತ್ತವೆ, ಉಳಿದವು ಒಳಕ್ಕೆ ಮುದುಡಿ ಬಿಗಿಯಾದ ಮೊಗ್ಗಾಗುತ್ತವೆ. ಮನೆಯವರಿಗೆ ಕನಿಕರ ಹುಟ್ಟಿ ದಿನಾ ಒಂದು ಚೊಂಬು ನೀರು ಬೀಳತೊಡಗುತ್ತದೆ. ಅದರ ಮೇಲೆ ಭರಣಿ, ಅದರ ಹಿಂದೆ ಕೃತ್ತಿಕೆ. ಮೇ ಮುಗಿಯುವಷ್ಟರಲ್ಲಿ ಕಾಂಡ ಕಪ್ಪಾಗಿ ಕುಸಿದಿರುತ್ತದೆ. ಬಿಸಿಲಿಗೆ ಸತ್ತಿತು ಎಂದು ಮನೆಯವರು ತೀರ್ಮಾನಿಸುತ್ತಾರೆ. ಬಿಸಿಲು ಅದನ್ನು ಮಲಗಿಸಿತ್ತಷ್ಟೇ. ಕೊಂದದ್ದು ನೀರು.

ನಿದ್ದೆ ಎರಡು ಬಗೆ

ಗಿಡಗಳ ಸುಪ್ತಾವಸ್ಥೆ ಹಾಸನದ ರೈತರಿಗೆ ಹೊಸ ಸಂಗತಿಯಲ್ಲ. ಆಲೂಗಡ್ಡೆಯನ್ನೇ ನೋಡಿ. ಅಗೆದ ಹೊಸತರಲ್ಲಿ ಅದನ್ನು ಒದ್ದೆ ಮಣ್ಣಿನಲ್ಲಿ ಹೂತರೂ ಕಣ್ಣು ಬಿಡುವುದಿಲ್ಲ. ತಳಿಯನ್ನು ಅನುಸರಿಸಿ ಎರಡು-ಮೂರು ತಿಂಗಳು ಅದು ಮಲಗಿಯೇ ಇರಬೇಕು. ಆ ಅವಧಿಯಲ್ಲಿ ಮೊಳಕೆಯನ್ನು ತಡೆಯುವುದು ಗೆಡ್ಡೆಯೊಳಗಿನ ಅಬ್ಸಿಸಿಕ್ ಆಮ್ಲದಂಥ ಹಾರ್ಮೋನು. ಹೊರಗೆ ಎಂಥ ಹದವಿದ್ದರೂ ಒಳಗಿನ ತಡೆ ಕರಗುವವರೆಗೆ ಕಾಯಲೇಬೇಕು. ಪಂಜಾಬಿನಲ್ಲಿ ಚಳಿಗಾಲದ ಕೊನೆಗೆ ಅಗೆದ ಗೆಡ್ಡೆ ಶೀತಲಗೃಹದಲ್ಲಿ ಕಾಲ ಕಳೆದು, ಮೇ ಹೊತ್ತಿಗೆ ಇಲ್ಲಿ ನಾಟಿಗೆ ಸಿದ್ಧವಾಗುವುದರ ಹಿಂದೆ ಈ ಲೆಕ್ಕವಿದೆ.

ಎಯೋನಿಯಂನ ನಿದ್ದೆ ಬೇರೆ ಬಗೆಯದು. ಇಲ್ಲಿ ಗಿಡವನ್ನು ಇಷ್ಟು ದಿನ ಎಂದು ಕಟ್ಟಿಹಾಕುವ ಒಳತಡೆ ಇಲ್ಲ. ಸುತ್ತಲ ಬಿಸಿ, ಒಣಹವೆ ಮಿತಿ ಮೀರಿದಾಗ ಅದು ಕೆಲಸ ನಿಲ್ಲಿಸುತ್ತದೆ, ತಂಪಾದರೆ ಮತ್ತೆ ಹಿಡಿಯುತ್ತದೆ. ಇಂಗ್ಲೆಂಡಿನ ನೈರುತ್ಯಕ್ಕಿರುವ ಸಿಲ್ಲಿ ದ್ವೀಪಗಳ ಟ್ರೆಸ್ಕೋ ಉದ್ಯಾನ ಎಯೋನಿಯಂಗಳಿಗೆ ಹೆಸರಾದದ್ದು. ಅಂಥ ತಂಪು ಕರಾವಳಿಯ ಬೇಸಿಗೆಯಲ್ಲಿ ನೀರು ಸಿಕ್ಕರೆ ಈ ಗಿಡ ಜುಲೈನಲ್ಲೂ ಬೆಳೆಯುತ್ತದೆ. ಪುಸ್ತಕಗಳಲ್ಲಿ 'ಬೇಸಿಗೆಯಲ್ಲಿ ಸುಪ್ತ' ಎಂದು ಬರೆದಿರುವುದನ್ನು ಹಾಸನದಲ್ಲಿ ಕುಳಿತು ಜೂನ್, ಜುಲೈ, ಆಗಸ್ಟ್ ಎಂದು ಓದಿಕೊಂಡರೆ ಎಡವಟ್ಟು ಶುರುವಾಗುತ್ತದೆ. ಅದು ಯುರೋಪಿನ ಬೇಸಿಗೆ. ನಮ್ಮಲ್ಲಿ ಆ ಮೂರು ತಿಂಗಳು ತಂಪಾಗಿರುತ್ತವೆ, ಗಿಡ ಮಲಗುವುದು ಏಪ್ರಿಲ್ ಮತ್ತು ಮೇ ತಿಂಗಳಲ್ಲಿ. ಗಿಡಕ್ಕೆ ಕ್ಯಾಲೆಂಡರು ಗೊತ್ತಿಲ್ಲ, ಬಿಸಿ ಮತ್ತು ತೇವ ಮಾತ್ರ ಗೊತ್ತು. ಇದೊಂದು ಮನದಟ್ಟಾದರೆ ಆರೈಕೆಯ ಮುಕ್ಕಾಲು ಪಾಲು ತಾನಾಗಿ ಅರ್ಥವಾಗುತ್ತದೆ.

ಅಟ್ಲಾಂಟಿಕ್‌ನ ತವರು

ಸುಮಾರು 35ರಿಂದ 40 ಜಾತಿಗಳಿರುವ ಈ ಕುಲದ ಬಹುಪಾಲು ಸದಸ್ಯರು ಕೆನರಿ ದ್ವೀಪಗಳವು. ಫಿಲಿಪ್ ಬಾರ್ಕರ್ ವೆಬ್ ಮತ್ತು ಸಬೀನ್ ಬೆರ್ತೆಲೊ ಎಂಬ ಸಸ್ಯವಿಜ್ಞಾನಿಗಳು ಆ ದ್ವೀಪಗಳ ಸಸ್ಯಸಂಪತ್ತನ್ನು ದಾಖಲಿಸುವಾಗ 1840ರಲ್ಲಿ ಇದನ್ನು ಪ್ರತ್ಯೇಕ ಕುಲವೆಂದು ಹೆಸರಿಸಿದರು. ಮೊರಾಕೊ ಕರಾವಳಿಯಿಂದ ಸುಮಾರು 100 ಕಿಲೋಮೀಟರ್ ಆಚೆಗೆ, 28 ಡಿಗ್ರಿ ಉತ್ತರ ಅಕ್ಷಾಂಶದ ಸುತ್ತ ಈ ಜ್ವಾಲಾಮುಖಿ ದ್ವೀಪಗಳಿವೆ. ಅಂದರೆ ದೆಹಲಿಯ ನೇರಕ್ಕೆ. ಆದರೆ ದೆಹಲಿಯ ಧಗೆ ಅಲ್ಲಿಲ್ಲ. ಉತ್ತರದಿಂದ ಹರಿಯುವ ತಣ್ಣನೆಯ ಸಾಗರ ಪ್ರವಾಹ ಮತ್ತು ವಾಣಿಜ್ಯ ಮಾರುತಗಳು ದ್ವೀಪಗಳನ್ನು ವರ್ಷವಿಡೀ ಹದವಾಗಿಡುತ್ತವೆ. ಮಳೆ ಬೀಳುವುದು ಹೆಚ್ಚುಕಡಿಮೆ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ, ಅಂದರೆ ಚಳಿಗಾಲದಲ್ಲಿ. ಬೇಸಿಗೆ ಪೂರ್ತಿ ಒಣ.

ನಮ್ಮ ಮತ್ತು ಆ ದ್ವೀಪಗಳ ನಡುವಿನ ತೊಡಕು ಇಲ್ಲೇ ಇದೆ. ಅಲ್ಲಿ ಬಿಸಿ ಬಂದಾಗ ನೀರಿರುವುದಿಲ್ಲ, ನೀರು ಬಂದಾಗ ಬಿಸಿ ಇರುವುದಿಲ್ಲ. ಬಿಸಿ ಮಣ್ಣಿಗೆ ಧೋ ಎಂದು ಮಳೆ ಸುರಿಯುವ ಅನುಭವ ಈ ಗಿಡದ ಪೂರ್ವಿಕರಿಗೆ ಆಗಿಯೇ ಇಲ್ಲ. ಶುಂಠಿ, ಸುವರ್ಣಗೆಡ್ಡೆ, ಬೇಲಿಯ ಗೌರಿಹೂವಿನ ಗೆಡ್ಡೆಗಳು ಮುಂಗಾರಿನ ನಾಡಿನವು. ಬಿಸಿ ನೆಲಕ್ಕೆ ಬೀಳುವ ಮೊದಲ ಮಳೆಯೇ ಅವಕ್ಕೆ ಎಚ್ಚರದ ಕರೆ. ಅದೇ ಮಳೆಗೆ ಎಯೋನಿಯಂ ಎಚ್ಚರಗೊಳ್ಳುವುದಿಲ್ಲ. ಹೀರಲಾಗದ ನೀರಿನಲ್ಲಿ ಅದರ ಬೇರು ನಿಲ್ಲುತ್ತದೆ.

ಸೂರ್ಯನ ಲೆಕ್ಕವೂ ಬೇರೆ. ಕರ್ಕಾಟಕ ಸಂಕ್ರಾಂತಿ ವೃತ್ತದಿಂದ ಉತ್ತರಕ್ಕಿರುವ ಕೆನರಿಯಲ್ಲಿ ಸೂರ್ಯ ನೆತ್ತಿಯ ಮೇಲೆ ಬರುವುದೇ ಇಲ್ಲ. ಹಾಸನ ಇರುವುದು 13 ಡಿಗ್ರಿಯಲ್ಲಿ. ಏಪ್ರಿಲ್ 24-25ರ ಸುಮಾರಿಗೆ, ಮತ್ತೆ ಆಗಸ್ಟ್ 18ರ ಸುಮಾರಿಗೆ ಇಲ್ಲಿ ನಡುಹಗಲಿನ ನೆರಳು ಕಾಲ ಕೆಳಗೇ ಅಡಗುತ್ತದೆ. ಏಪ್ರಿಲ್‌ನ ಆ ದಿನಗಳಲ್ಲಿ ಮೋಡವೂ ಕಡಿಮೆ. ಇನ್ನು ಮೇ, ಜೂನ್, ಜುಲೈ ತಿಂಗಳಲ್ಲಿ ಮಧ್ಯಾಹ್ನದ ಸೂರ್ಯ ನಮ್ಮ ಉತ್ತರಕ್ಕೆ ಸರಿದಿರುತ್ತಾನೆ. ಚಳಿಗಾಲದಲ್ಲಿ ನೆರಳಾಗಿದ್ದ ಉತ್ತರದ ಗೋಡೆಬದಿಗೆ ಆಗ ಬಿಸಿಲು ಬೀಳುತ್ತದೆ. ಜನವರಿಯಲ್ಲಿ ಆರಿಸಿದ ನೆರಳಿನ ಜಾಗವನ್ನು ಏಪ್ರಿಲ್‌ನಲ್ಲಿ ಮತ್ತೊಮ್ಮೆ ನೋಡಿಕೊಳ್ಳಬೇಕು.

ಬೆಳಗಿನ ಹುಳಿ

ಬಿಸಿಯಾದರೆ ಗಿಡ ಏಕೆ ಮಲಗಬೇಕು? ಇದಕ್ಕೆ ಉತ್ತರ ಹುಡುಕುವ ಹಾದಿಯ ಮೊದಲ ಹೆಜ್ಜೆಗಳಲ್ಲೊಂದು ನಮ್ಮ ನಾಡಿನ ನಂಟಿರುವವನದು. ಬೆಂಜಮಿನ್ ಹೈನ್ ಎಂಬ ಸಸ್ಯವಿಜ್ಞಾನಿ ಈಸ್ಟ್ ಇಂಡಿಯಾ ಕಂಪನಿಯ ನೌಕರ. ಟಿಪ್ಪುವಿನ ಪತನದ ನಂತರ ಕಾಲಿನ್ ಮೆಕೆಂಜಿ ನಡೆಸಿದ ಮೈಸೂರು ಸರ್ವೆಯಲ್ಲಿ ದುಡಿದವನು, ಬೆಂಗಳೂರಿನ ಸಸ್ಯೋದ್ಯಾನದ ಹೊಣೆ ಹೊತ್ತಿದ್ದವನು. ಭಾರತದಲ್ಲಿದ್ದಾಗ ಅವನು ಕಾಡುಬಸಳೆಯ ಎಲೆಯನ್ನು ಬೇರೆ ಬೇರೆ ಹೊತ್ತಿನಲ್ಲಿ ಅಗಿದು ನೋಡಿದ. ಬೆಳಿಗ್ಗೆ ಹುಳಿ, ಮಧ್ಯಾಹ್ನಕ್ಕೆ ಸಪ್ಪೆ, ಸಂಜೆಗೆ ತುಸು ಕಹಿ. ಈ ಸಂಗತಿ ಲಂಡನ್ನಿನ ಲಿನಿಯನ್ ಸೊಸೈಟಿಯ ಸಂಪುಟದಲ್ಲಿ 1815ರಲ್ಲಿ ಅಚ್ಚಾಯಿತು.

ಹುಳಿಯ ಗುಟ್ಟು ಬಿಡಿಸಲು ಇಪ್ಪತ್ತನೆಯ ಶತಮಾನ ಬರಬೇಕಾಯಿತು. ಸಾಮಾನ್ಯ ಗಿಡಗಳು ಹಗಲಲ್ಲಿ ಪತ್ರರಂಧ್ರ ತೆರೆದು ಇಂಗಾಲದ ಡೈಆಕ್ಸೈಡ್ ಸೇದಿಕೊಳ್ಳುತ್ತವೆ. ಆ ದಾರಿಯಲ್ಲೇ ನೀರು ಆವಿಯಾಗಿ ಹೊರಹೋಗುತ್ತದೆ. ಕಾಡುಬಸಳೆ ರಂಧ್ರ ತೆರೆಯುವುದು ತಂಪಾದ ರಾತ್ರಿಯಲ್ಲಿ. ಸೇದಿದ ಅನಿಲವನ್ನು ಮ್ಯಾಲಿಕ್ ಆಮ್ಲವಾಗಿಸಿ ಕೋಶದ ರಸಚೀಲದಲ್ಲಿ ಕೂಡಿಡುತ್ತದೆ. ಬೆಳಗಾದಾಗ ರಂಧ್ರ ಮುಚ್ಚಿ, ಆಮ್ಲವನ್ನು ಒಡೆದು, ಬಿಸಿಲಿನ ಬಲದಿಂದ ಸಕ್ಕರೆ ಮಾಡುತ್ತದೆ. ಎಯೋನಿಯಂ ಕೂಡ ಕಾಡುಬಸಳೆಯ ಕುಟುಂಬದ್ದೇ. ಅದರಲ್ಲಿ ಕೆಲವು ಜಾತಿಗಳು ಈ ವಿಧಾನವನ್ನು ಪೂರ್ಣವಾಗಿ ನೆಚ್ಚಿವೆ, ಕೆಲವು ನೀರು ಕಡಿಮೆಯಾದಾಗ ಮಾತ್ರ ಇತ್ತ ವಾಲುತ್ತವೆ. ಇದನ್ನು ಮನೆಯಲ್ಲಿ ಪರೀಕ್ಷಿಸಲು ಹೈನ್‌ನ ಹಾಗೆ ನಾಲಿಗೆ ಬಳಸಬೇಡಿ, ಕಾಡುಬಸಳೆಯ ಬಳಗದಲ್ಲಿ ಹೃದಯಕ್ಕೆ ತಟ್ಟುವ ವಿಷಗಳಿವೆ. ಸೂರ್ಯೋದಯಕ್ಕೆ ಒಂದು, ಸಂಜೆಗೆ ಒಂದು ಎಲೆಯನ್ನು ಜಜ್ಜಿ, ಆಮ್ಲತೆ ಅಳೆಯುವ ಪಿಎಚ್ ಕಾಗದಕ್ಕೆ ಒತ್ತಿದರೆ ಬಣ್ಣದ ವ್ಯತ್ಯಾಸವೇ ಹೇಳುತ್ತದೆ.

ಈ ಏರ್ಪಾಡು ನಡೆಯಬೇಕಾದರೆ ರಾತ್ರಿ ತಂಪಾಗಿರಬೇಕು. ರಾತ್ರಿ ಬಿಸಿಯಾದರೆ ಆಮ್ಲದ ಸಂಗ್ರಹ ಕುಗ್ಗುತ್ತದೆ, ಉಸಿರಾಟದ ಖರ್ಚು ಏರುತ್ತದೆ. ಆದಾಯಕ್ಕಿಂತ ವೆಚ್ಚ ಹೆಚ್ಚಾದಾಗ ಗಿಡ ಹಳೆಯ ಎಲೆಗಳ ನೀರು ಮತ್ತು ಸಾರವನ್ನು ನಡುಮೊಗ್ಗಿಗೆ ಎಳೆದುಕೊಂಡು ಅವನ್ನು ಉದುರಿಸುತ್ತದೆ. ಉಳಿದ ಎಲೆಗಳನ್ನು ಮುದುಡಿ ಬಿಸಿಲಿಗೆ ಒಡ್ಡುವ ಮೈಯನ್ನು ಕಿರಿದು ಮಾಡಿಕೊಳ್ಳುತ್ತದೆ. ಏಪ್ರಿಲ್‌ನಲ್ಲಿ ನಾವು ಕಾಣುವ ಬಾಡು ಮುಖ ರೋಗವಲ್ಲ, ಗಿಡದ ಮಿತವ್ಯಯ.

ಹಾಸನವನ್ನು ಬಡವರ ಊಟಿ ಎನ್ನುತ್ತಾರೆ. ಸಮುದ್ರಮಟ್ಟದಿಂದ ಸಾವಿರ ಮೀಟರಿಗೆ ತುಸು ಕಡಿಮೆ ಎತ್ತರದ ಈ ಊರಲ್ಲಿ ಏಪ್ರಿಲ್‌ನ ಹಗಲು 33-34 ಡಿಗ್ರಿ ಮುಟ್ಟಿದರೂ ರಾತ್ರಿ 20-21ರ ಆಸುಪಾಸಿಗೆ ಇಳಿಯುತ್ತದೆ. ಆದರೆ ಈ ಅಂಕಿಗಳು ಬಯಲಿನ ಗಾಳಿಯವು. ಹಗಲೆಲ್ಲ ಕಾದ ಆರ್‌ಸಿಸಿ ತಾರಸಿ ಆ ಬಿಸಿಯನ್ನು ನಡುರಾತ್ರಿಯವರೆಗೆ ಬಿಡುತ್ತಲೇ ಇರುತ್ತದೆ. ಕಪ್ಪು ಪ್ಲಾಸ್ಟಿಕ್ ಕುಂಡದೊಳಗಿನ ಮಣ್ಣು ಗಾಳಿಗಿಂತ ಎಷ್ಟೋ ಹೆಚ್ಚು ಕಾಯುತ್ತದೆ. ಊರಿಗೆ ತಂಪಾದ ರಾತ್ರಿ ಗಿಡಕ್ಕೆ ತಂಪಾಗಿರಬೇಕಿಲ್ಲ. ಕುಂಡವನ್ನು ತಾರಸಿಯಿಂದ ಪೂರ್ವದ ಜಗುಲಿಗೆ ಇಳಿಸಿ, ಇಟ್ಟಿಗೆಯ ಮೇಲೆ ಕೂರಿಸಿದರೆ ಗಿಡದ ನಿದ್ದೆಯೇ ಕೆಲವು ವಾರ ಕಡಿಮೆಯಾಗಬಹುದು.

ಈಜುವ ಕೊಳೆ

ಮಲಗಿದ ಗಿಡದ ನವಿರು ಬೇರುಗಳು ಬಹುಪಾಲು ಒಣಗಿರುತ್ತವೆ. ಆಗ ಸುರಿದ ನೀರು ಹೀರುವವರಿಲ್ಲದೆ ಕುಂಡದಲ್ಲೇ ನಿಲ್ಲುತ್ತದೆ, ಮಣ್ಣಿನ ಗಾಳಿಯನ್ನು ಹೊರದಬ್ಬುತ್ತದೆ. ಆ ಬೆಚ್ಚನೆಯ ಒದ್ದೆಗೆ ಕಾದಿರುವವು ಪಿಥಿಯಂ, ಫೈಟಾಫ್ತರ ಎಂಬ ಜೀವಿಗಳು. ಇವನ್ನು ರೂಢಿಯಲ್ಲಿ ಶಿಲೀಂಧ್ರ ಎಂದರೂ ನಂಟಸ್ತಿಕೆಯಲ್ಲಿ ಕಂದು ಪಾಚಿಗಳಿಗೆ ಹತ್ತಿರ. ಇವುಗಳ ಬೀಜಾಣುಗಳಿಗೆ ಬಾಲಗಳಿವೆ. ಮಣ್ಣಿನ ಕಣಗಳ ನಡುವೆ ನೀರಿನ ತೆಳುಪೊರೆ ಸಿಕ್ಕರೆ ಸಾಕು, ಈಜಿಕೊಂಡು ಬೇರನ್ನು ಮುಟ್ಟುತ್ತವೆ.

ಹಾಸನ ಜಿಲ್ಲೆಗೆ ಇವು ಅಪರಿಚಿತವಲ್ಲ. ಆಲೂಗಡ್ಡೆಯನ್ನು ಸುಡುವ ಅಂಗಮಾರಿ ಫೈಟಾಫ್ತರದ್ದು. ಅಡಿಕೆಯ ಕೊಳೆರೋಗವೂ ಅದರದೇ. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಹೊತ್ತಿಗೆ ಅಡಿಕೆಯ ಕೊಳೆರೋಗವನ್ನು ಅಧ್ಯಯನ ಮಾಡಿ ಬೋರ್ಡೋ ದ್ರಾವಣದ ದಾರಿ ತೋರಿಸಿದರು. ಶುಂಠಿಯ ಗೆಡ್ಡೆ ಕೊಳೆಸುವುದು ಮುಖ್ಯವಾಗಿ ಪಿಥಿಯಂ. ಶುಂಠಿ ಬೆಳೆಯುವವರು ಔಷಧಿಗಿಂತ ಮೊದಲು ಏರುಮಡಿ ಮಾಡಿ ಬಸಿಗಾಲುವೆ ತೋಡುವುದು ಇದಕ್ಕೇ. ಕುಂಡದ ಗಿಡಕ್ಕೂ ಮೊದಲ ಮದ್ದು ಅದೇ, ನೀರು ನಿಲ್ಲಗೊಡದಿರುವುದು.

ಕುಂಡದ ತಳದಲ್ಲಿ ಏನಾಗುತ್ತದೆ

ತಳದಲ್ಲಿ ದಪ್ಪ ಜಲ್ಲಿ ಹಾಸಿದರೆ ನೀರು ಬೇಗ ಬಸಿಯುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಭೌತವಿಜ್ಞಾನ ಹಾಗೆ ಹೇಳುವುದಿಲ್ಲ. ಪಾತ್ರೆ ತೊಳೆಯುವ ಸ್ಪಂಜನ್ನು ನೆನೆಸಿ ಅಡ್ಡಡ್ಡ ಹಿಡಿಯಿರಿ, ತೊಟ್ಟಿಕ್ಕುವುದು ನಿಂತ ಮೇಲೆ ಅದನ್ನೇ ಲಂಬವಾಗಿ ನಿಲ್ಲಿಸಿ. ಮತ್ತೆ ನೀರು ಸುರಿಯುತ್ತದೆ, ಆದರೂ ಕೆಳಗಿನ ಅಂಚು ತೊಪ್ಪೆಯಾಗಿಯೇ ಉಳಿಯುತ್ತದೆ. ಕುಂಡದ ಮಣ್ಣಿನಲ್ಲೂ ಹೀಗೇ. ಸೂಕ್ಷ್ಮ ಸಂದುಗಳ ಎಳೆತ ಗುರುತ್ವವನ್ನು ಸರಿಗಟ್ಟುವಷ್ಟು ಎತ್ತರದವರೆಗೆ ತಳದಲ್ಲೊಂದು ಒದ್ದೆ ಪದರ ಸದಾ ನಿಲ್ಲುತ್ತದೆ. ಅದರ ಎತ್ತರ ನಿರ್ಧಾರವಾಗುವುದು ಮಣ್ಣಿನ ಕಣದ ಗಾತ್ರದಿಂದ, ಕುಂಡದ ಎತ್ತರದಿಂದಲ್ಲ. ತಳಕ್ಕೆ ಜಲ್ಲಿ ಹಾಕಿದರೆ ಆ ಪದರ ಮಾಯವಾಗದೆ ಜಲ್ಲಿಯ ಮೇಲೇರಿ ಬೇರಿಗೆ ಇನ್ನಷ್ಟು ಹತ್ತಿರವಾಗುತ್ತದೆ. ಅಂಗೈ ಎತ್ತರದ ತಟ್ಟೆ ಕುಂಡಗಳು ಅಪಾಯಕಾರಿ ಎನ್ನುವುದೂ ಇದೇ ಕಾರಣಕ್ಕೆ.

ಆದ್ದರಿಂದ ಜಲ್ಲಿಚೂರು ಮಣ್ಣಿನ ಉದ್ದಗಲಕ್ಕೂ ಬೆರೆಯಬೇಕು. ಕಳಿತ ಎಲೆಗೊಬ್ಬರ ಒಂದು ಪಾಲು, ಕೆಂಪು ಮಣ್ಣು ಒಂದು ಪಾಲು, 3ರಿಂದ 6 ಮಿಲಿಮೀಟರಿನ ಜಲ್ಲಿ ಅಥವಾ ಹಳೆಯ ಹೆಂಚಿನ ಚೂರು ಎರಡು ಪಾಲು ಸೇರಿಸಿದರೆ ಸಾಕು. ಎಂ-ಸ್ಯಾಂಡ್ ಬಳಸುವುದಾದರೆ ಜರಡಿ ಹಿಡಿದು ಧೂಳು ತೆಗೆಯಿರಿ, ಆ ಧೂಳೇ ಸಂದುಗಳನ್ನು ಮುಚ್ಚುವುದು. ನರ್ಸರಿಯಿಂದ ಬರುವ ಗಿಡಗಳು ಹೆಚ್ಚಾಗಿ ಕೋಕೋಪೀಟ್‌ನಲ್ಲಿರುತ್ತವೆ. ತೆಂಗಿನ ನಾರಿನ ಈ ಪುಡಿ ತನ್ನ ತೂಕದ ಹಲವು ಪಟ್ಟು ನೀರು ಹಿಡಿಯುತ್ತದೆ. ಚಳಿಗಾಲದಲ್ಲಿ ಅದು ವರ, ಮೇ ತಿಂಗಳಲ್ಲಿ ಶಾಪ. ಗಿಡ ತಂದ ಚಳಿಗಾಲದಲ್ಲೇ ಬೇರಿನ ಸುತ್ತಲ ಪುಡಿ ಉದುರಿಸಿ ಹೊಸ ಮಣ್ಣಿಗೆ ಕೂರಿಸುವುದು ಒಳ್ಳೆಯದು. ಮಲಗಿದ ಗಿಡದ ಬೇರನ್ನು ಕೆದಕಬಾರದು.

ನಾಲ್ಕು ಊರು, ನಾಲ್ಕು ಲೆಕ್ಕ

ಹಾಸನ, ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು, ಈ ನಾಲ್ಕು ಊರುಗಳ ನಡುವೆ ಬಸ್ಸಿನಲ್ಲಿ ಒಂದೊಂದು ತಾಸು, ಹೆಚ್ಚೆಂದರೆ ಎರಡು. ಹವಾಮಾನದ ಅಂತರ ಅದಕ್ಕಿಂತ ದೊಡ್ಡದು. ಚನ್ನರಾಯಪಟ್ಟಣ ಅಪ್ಪಟ ಬಯಲುಸೀಮೆ. ಶ್ರವಣಬೆಳಗೊಳದ ಬೋಳು ಬಂಡೆಗಳ ಕಡೆಯಂತೂ ಬೇಸಿಗೆಯ ಕಾವು ತಡವಾಗಿ ಆರುತ್ತದೆ. ಅಲ್ಲಿ ಜೂನ್-ಜುಲೈನ ತುಂತುರಿಗಿಂತ ಮೇ ತಿಂಗಳ, ಮತ್ತೆ ಸೆಪ್ಟೆಂಬರ್-ಅಕ್ಟೋಬರ್‌ನ ಗುಡುಗು ಮಳೆಯದೇ ಜೋರು. ಮಾರ್ಚ್‌ನಿಂದ ಮೇವರೆಗೆ ಮಧ್ಯಾಹ್ನದ ನೆರಳು, ಮೊದಲ ಗುಡುಗಿಗೆ ಮುಂಚೆ ಸೂರು, ಇವೆರಡು ಅಲ್ಲಿ ಸಾಕು. ಹೇಮಾವತಿಯ ದಡದ ಹೊಳೆನರಸೀಪುರ ಹಾಸನಕ್ಕಿಂತ ತಗ್ಗಿನಲ್ಲಿದೆ, ರಾತ್ರಿಯ ಬಿಸಿಯೂ ತುಸು ಹೆಚ್ಚು. ಅಲ್ಲಿ ಕುಂಡಕ್ಕೆ ಗಾಳಿಯಾಡುವ ಜಾಗ ಮುಖ್ಯ. ಅರಕಲಗೂಡು ಮಲೆನಾಡಿನ ಸೆರಗು. ಅಲ್ಲಿ ಬಿಸಿಗಿಂತ ಆರಿದ್ರಾ, ಪುನರ್ವಸು, ಪುಷ್ಯದ ಜಡಿಮಳೆ ಮತ್ತು ಮಬ್ಬು ಬೆಳಕಿನದೇ ತೊಂದರೆ. ಹಾಸನ ಬಯಲುಸೀಮೆ, ಮಲೆನಾಡು ಎರಡರ ನಡುವೆ ನಿಲ್ಲುತ್ತದೆ.

ಸೂರು ಎಂದಾಗ ಒಂದು ಎಚ್ಚರ. ಹೆಂಚಿನ ಮನೆಯ ಸೂರಿನ ನೀರು ಬೀಳುವ ಗೆರೆ ಬಯಲಿಗಿಂತ ಕಡೆ, ಅಲ್ಲಿ ಇಡೀ ಮಾಡಿನ ಮಳೆ ಒಂದೇ ಸಾಲಿಗೆ ಸುರಿಯುತ್ತದೆ. ಕುಂಡ ಆ ಗೆರೆಯಿಂದ ಎರಡಡಿ ಒಳಗಿರಲಿ.

ನಿದ್ದೆಯ ವಾರಗಳಲ್ಲಿ ನೀರನ್ನು ಪೂರ್ತಿ ನಿಲ್ಲಿಸುವುದೂ ಬೇಡ. ಗೇಣಗಲದ ಕುಂಡಕ್ಕೆ ಹದಿನೈದು-ಇಪ್ಪತ್ತು ದಿನಕ್ಕೊಮ್ಮೆ, ಸಂಜೆಯ ತಂಪಿನಲ್ಲಿ, ಅಂಚಿನ ಸುತ್ತ ಅರ್ಧ ಲೋಟ ನೀರು ಸಾಕು, ಬೇರುಗಳು ಪೂರಾ ಸಾಯದಂತೆ ಅಷ್ಟೇ. ಗೊಬ್ಬರ ಬೇಡ. ಜುಲೈ ಬಂದಾಗ ಹಾಸನದ ಹಗಲು 26 ಡಿಗ್ರಿ ಆಸುಪಾಸಿಗೆ, ರಾತ್ರಿ 19ಕ್ಕೆ ಇಳಿಯುತ್ತದೆ. ಗಿಡ ಅರೆಗಣ್ಣು ಬಿಡುತ್ತದೆ, ನಡುವಿನ ಎಲೆಗಳು ಸಡಿಲವಾಗುತ್ತವೆ. ಆಗ ಅದಕ್ಕೆ ಬೇಕಾದದ್ದು ನೀರಿಗಿಂತ ಬೆಳಕು. ಮೋಡದ ಮಬ್ಬಿನಲ್ಲಿ ನೀರು ಹೆಚ್ಚು ಕುಡಿದರೆ ಕಾಂಡ ಸಣಕಲಾಗಿ ಉದ್ದ ಬೆಳೆಯುತ್ತದೆ, ನೇರಳೆ ತಳಿ ಹಸಿರಾಗುತ್ತದೆ. ಮಳೆ ತಾಗದ, ಆದರೆ ಆಕಾಶ ಕಾಣುವ ಜಾಗ ಹುಡುಕಿ. ಚಿತ್ತಾ, ಸ್ವಾತಿ ಮಳೆ ಮುಗಿದು ಚಳಿ ಇಳಿದ ಮೇಲೆ ಗಿಡಕ್ಕೆ ನಿಜವಾದ ಸುಗ್ಗಿ. ನವೆಂಬರ್‌ನಿಂದ ಫೆಬ್ರವರಿವರೆಗೆ ಮೇಲ್ಮಣ್ಣು ಒಣಗಿದಾಗಲೆಲ್ಲ ತೃಪ್ತಿಯಾಗಿ ನೀರು, ಬೆಳಗಿನ ಪೂರ್ತಿ ಬಿಸಿಲು, ಒಮ್ಮೆ ತೆಳು ಗೊಬ್ಬರ.

ಬಾಡಿದೆಯೋ, ಕೊಳೆತಿದೆಯೋ

ಎರಡಕ್ಕೂ ಮೇಲ್ನೋಟಕ್ಕೆ ಲಕ್ಷಣ ಒಂದೇ, ಕೆಳಗಿನ ಎಲೆ ಉದುರುವುದು. ಕಾಂಡವನ್ನು ಮೆಲ್ಲಗೆ ಒತ್ತಿ. ಗಟ್ಟಿಯಾಗಿದ್ದು ಎಲೆಗಳು ಸುಕ್ಕುಗಟ್ಟಿದ್ದರೆ ಬಾಯಾರಿಕೆ ಅಥವಾ ನಿದ್ದೆ. ಕಾಂಡ ಮೆತ್ತಗಾಗಿ, ಎಲೆಗಳು ನೀರು ತುಂಬಿದ ಹಾಗೆ ಪಾರದರ್ಶಕವಾಗಿ, ಮುಟ್ಟಿದೊಡನೆ ಕಳಚಿದರೆ ಕೊಳೆ. ಆಗ ತಡ ಮಾಡದೆ ಕೊಳೆತ ಭಾಗದ ಮೇಲಕ್ಕೆ ಹರಿತವಾದ, ಸ್ಪಿರಿಟ್‌ನಲ್ಲಿ ಒರೆಸಿದ ಚಾಕುವಿನಿಂದ ಕತ್ತರಿಸಿ. ಕತ್ತರಿಸಿದ ಮುಖದಲ್ಲಿ ಕಂದು ಚುಕ್ಕೆಯೂ ಕಾಣಬಾರದು, ಕಂಡರೆ ಇನ್ನೂ ಮೇಲಕ್ಕೆ ಹೋಗಿ. ಉಳಿದ ತುದಿಯನ್ನು ನೆರಳಲ್ಲಿ ಕೆಲವು ದಿನ ಒಣಗಿಸಿ, ಗಾಯ ಕಟ್ಟಿದ ಮೇಲೆ ಒಣ ಜಲ್ಲಿಮಿಶ್ರಣದಲ್ಲಿ ನಿಲ್ಲಿಸಿ. ಮುದುಡಿದ ಎಲೆಗಳ ಸಂದು ಹಿಟ್ಟು ತಿಗಣೆಗೆ ಪ್ರಿಯವಾದ ಅಡಗುತಾಣ. ಕುಂಡದ ಸುತ್ತ ಇರುವೆ ಸಾಲು ಕಂಡರೆ ಅಲ್ಲೊಮ್ಮೆ ಇಣುಕಿ ನೋಡಿ.

ಒಂದು ಸಾವನ್ನು ಮಾತ್ರ ತಪ್ಪಿಸಲಾಗದು. ಎಯೋನಿಯಂನ ಹೆಚ್ಚುಕಡಿಮೆ ಪ್ರತಿ ಎಲೆಸುತ್ತು ಒಮ್ಮೆ ಮಾತ್ರ ಹೂ ಬಿಟ್ಟು, ಬೀಜ ಕಟ್ಟಿ ಸಾಯುತ್ತದೆ. ಕವಲೊಡೆದ ಜಾತಿಗಳಲ್ಲಿ ಉಳಿದ ಕೊಂಬೆಗಳು ಬದುಕುತ್ತವೆ. ಟೆನೆರೀಫ್ ದ್ವೀಪದ ಬಂಡೆಗಳಿಗೆ ಚಪ್ಪಟೆಯಾಗಿ ಅಂಟಿಕೊಂಡು ಬೆಳೆಯುವ ಟ್ಯಾಬುಲಿಫಾರ್ಮೆ ಎಂಬ ಜಾತಿಗೆ ಸಾಮಾನ್ಯವಾಗಿ ಇರುವುದು ಒಂದೇ ಎಲೆಸುತ್ತು, ಹೂವಿನೊಂದಿಗೆ ಇಡೀ ಗಿಡ ಮುಗಿಯುತ್ತದೆ.

ಕಾಡುಬಸಳೆಯ ಎಲೆಯ ಅಂಚಿನಲ್ಲೇ ಮರಿಗಳೇಳುತ್ತವೆ. ಎಯೋನಿಯಂನ ಬಿಡಿ ಎಲೆಯಿಂದ ಹಾಗೆ ಗಿಡವಾಗುವುದು ಅಪರೂಪ, ಕಾಂಡದ ತುಂಡೇ ಬೇಕು. ಅದನ್ನು ನೆಡುವ ಕಾಲ ಅಕ್ಟೋಬರ್ ಕೊನೆ, ನವೆಂಬರ್. ಒಂದೇ ತಾಯಿಗಿಡದ ತುಂಡುಗಳನ್ನು ನಾಲ್ಕು ಊರಿನ ನಂಟರಿಗೆ ಹಂಚಿ. ಅವುಗಳ ಜೀನು ಒಂದೇ, ಬದಲಾಗುವುದು ಊರಿನ ಹವೆ ಮಾತ್ರ. ಕನಿಷ್ಠ-ಗರಿಷ್ಠ ತೋರಿಸುವ ಅಗ್ಗದ ಉಷ್ಣತಾಮಾಪಕವೊಂದನ್ನು ಕುಂಡದ ಪಕ್ಕ ನೇತುಹಾಕಿ, ಎಲೆಸುತ್ತು ಮುದುಡಿದ ದಿನವನ್ನೂ ಬಿಚ್ಚಿದ ದಿನವನ್ನೂ ಅವರವರು ಬರೆದಿಟ್ಟುಕೊಳ್ಳಲಿ. ಗಿಡದ ನಿದ್ದೆ ಒಳಗಿನ ಗಡಿಯಾರದ್ದಾದರೆ ನಾಲ್ಕೂ ಊರಲ್ಲಿ ದಿನಾಂಕ ಒಂದೇ ಬರಬೇಕು. ಈ ಅಧ್ಯಾಯ ಹೇಳಿದ್ದು ಸರಿಯಾದರೆ ಚನ್ನರಾಯಪಟ್ಟಣದ ಗಿಡ ಮೊದಲು ಮಲಗಬೇಕು, ಅರಕಲಗೂಡಿನದು ಕೊನೆಗೆ. ಎರಡು ಬೇಸಿಗೆಯ ದಿನಾಂಕಗಳನ್ನು ಪಕ್ಕಪಕ್ಕ ಇಟ್ಟು ನೋಡಿ ನೀವೇ ತೀರ್ಮಾನಿಸಿ.